ಮೂಗುತಿಗೆ ಎಷ್ಟು ಬೆಲೆ?

ಲಂಡನ್ನಿಗೆ ಬಂದು ಮೂರೋ ನಾಲ್ಕೋ ವರ್ಷವಾಗಿತ್ತು. ಆಫೀಸಿನ ಗೆಳೆಯನೊಬ್ಬ ತನಗೆ ಹೋಗಲಾಗುತ್ತಿಲ್ಲವೆಂದು ಕೈಗಿತ್ತ ಟಿಕೆಟ್ಟು ಹಿಡಿದು ಒಂದು ಸಂಜೆ ಇಲ್ಲಿನ ಶಾಸ್ತ್ರೀಯ ಸಂಗೀತದ ಕಚೇರಿಗೆ ಹೋದೆ. ನಮ್ಮ ಕಚೇರಿಗಳಲ್ಲಿ ಬೆಳೆದವನಿಗೆ ಮೊದಲು ಗಾಬರಿ ಹುಟ್ಟಿಸುವುದು ಇಲ್ಲಿನ ನಿಶ್ಶಬ್ದ. ತಲೆಯಾಡಿಸುವಂತಿಲ್ಲ, ತೊಡೆಯ ಮೇಲೆ ತಾಳ ಹಾಕುವಂತಿಲ್ಲ, ಪಕ್ಕದವರನ್ನು 'ಯಾವ ರಾಗ ಅಂದ್ರಿ?' ಎಂದು ಕೇಳುವಂತಿಲ್ಲ. ಕೆಮ್ಮು ಬಂದರೆ ಒಂದು ಭಾಗ ಮುಗಿಯುವವರೆಗೆ ತಡೆದಿಟ್ಟುಕೊಂಡು ಎಲ್ಲರ ಜೊತೆ ಸಾಮೂಹಿಕವಾಗಿ ಕೆಮ್ಮಬೇಕು. ಮಾಡಲು ಬೇರೆ ಕೆಲಸವಿಲ್ಲದೆ ಬಾಗಿಲಲ್ಲಿ ಕೊಂಡ ಪುಸ್ತಿಕೆ ಬಿಡಿಸಿದೆ. ಆ ಸಂಜೆಯ ಮುಖ್ಯ ಕೃತಿ ಜರ್ಮನ್ ರಚನಕಾರ ರಿಚರ್ಡ್ ಸ್ಟ್ರೌಸನ 'ನಾಲ್ಕು ಕೊನೆಯ ಗೀತೆಗಳು'. 1948ರಲ್ಲಿ, 84ನೇ ವಯಸ್ಸಿನಲ್ಲಿ ಬರೆದದ್ದು. ಹಾಡಿಸಿ ಕೇಳುವ ಮೊದಲೇ, 1949ರ ಸೆಪ್ಟೆಂಬರಿನಲ್ಲಿ ಆತ ತೀರಿಕೊಂಡ. ಮೊದಲ ಪ್ರದರ್ಶನ 1950ರ ಮೇ 22ರಂದು ಇದೇ ಊರಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವಳು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದ ನಡೆಸಿದವನು ಫುರ್ಟ್‌ವೆಂಗ್ಲರ್. ಅದರ ಕೆಳಗೆ ಸಣ್ಣದಾಗಿ ಇನ್ನೊಂದು ಸಾಲು: ಆ ಪ್ರದರ್ಶನಕ್ಕೆ 4,800 ಡಾಲರುಗಳ ಖಾತರಿ ಕೊಟ್ಟವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು, ಅವರು ಬರಲಾಗದ ಕಾರಣ ಹಾಡುಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಿ ಹಡಗಿನಲ್ಲಿ ಮೈಸೂರಿಗೆ ಕಳಿಸಲಾಯಿತು.

ನಾನು ಹುಟ್ಟಿದ್ದು ಆ ಅರಮನೆಯಿಂದ ನಡೆದೇ ಹೋಗಬಹುದಾದ ಅಗ್ರಹಾರದಲ್ಲಿ. ದಸರೆಯ ದೀಪ, ದರ್ಬಾರಿನ ಕಚೇರಿ, ಆಸ್ಥಾನ ವಿದ್ವಾಂಸರ ಕತೆಗಳನ್ನು ಕೇಳಿಯೇ ಬೆಳೆದವನು. ಇದೊಂದನ್ನು ಮಾತ್ರ ಯಾರೂ ಹೇಳಿರಲಿಲ್ಲ. ರೋಮಾಂಚನವಾಯಿತು ಎಂದು ಬರೆದರೆ ಸುಳ್ಳಾಗುವುದಿಲ್ಲ, ಆದರೆ ಅದಕ್ಕಿಂತ ಮೊದಲು ಆದದ್ದು ಮುಜುಗರ. ನಮ್ಮ ಮಹಾರಾಜರ ಹೆಸರಿನ ಪಕ್ಕದಲ್ಲಿ, ಕಿರಾಣಿ ಅಂಗಡಿಯ ಚೀಟಿಯಂತೆ, ಇಷ್ಟು ಡಾಲರು ಎಂದು ಬರೆದುಬಿಟ್ಟಿದ್ದಾರಲ್ಲ!

ಈ ಮುಜುಗರ ಎಲ್ಲಿಂದ ಬಂತು ಎಂದು ಅಂದಿನಿಂದಲೂ ಯೋಚಿಸುತ್ತಿದ್ದೇನೆ. ಹೊಟ್ಟೆಪಾಡಿಗೆ ನಾನು ಲೆಕ್ಕಪತ್ರ ನೋಡುವವನು. ಬೇರೆಯವರ ಜಮಾಖರ್ಚು ನೋಡುವಾಗ ಒಂದು ದಿನವೂ ನಾಚಿಕೆಯಾದದ್ದಿಲ್ಲ. ಸಂಗೀತದ ಪಕ್ಕದಲ್ಲಿ ಅಂಕಿ ಕಂಡರೆ ಮಾತ್ರ ಯಾಕೆ ಹೀಗೆ?

ಇಲ್ಲಿಯವರು ಸಂಗೀತಗಾರರ ಕತೆ ಹೇಳುವಾಗ ಹಣದ ವಿಷಯ ಮೊದಲಿಗೇ ಬರುತ್ತದೆ, ಹೇಳುವವರ ದನಿಯೂ ಇಳಿಯುವುದಿಲ್ಲ. ಬೀಥೋವನನ ಒಂಬತ್ತನೆಯ ಸಿಂಫನಿಯನ್ನೇ (ದೊಡ್ಡ ವಾದ್ಯವೃಂದಕ್ಕೆ ಬರೆದ ಕೃತಿ) ನೋಡಿ. ನಮ್ಮವನೊಬ್ಬ ಅದರ ಕತೆ ಹೇಳಿದರೆ ಕಿವುಡುತನದಿಂದ ಶುರುಮಾಡಿ ಕಣ್ಣೀರಿನಲ್ಲಿ ಮುಗಿಸುತ್ತಾನೆ. ಲಂಡನ್ನಿನವರು 50 ಪೌಂಡಿನಿಂದ ಶುರುಮಾಡುತ್ತಾರೆ. ಇಲ್ಲಿನ ಫಿಲ್‌ಹಾರ್ಮೋನಿಕ್ ಸೊಸೈಟಿ 1822ರಲ್ಲಿ ಹೊಸ ಸಿಂಫನಿಗೆಂದು ಅವನಿಗೆ 50 ಪೌಂಡು ಕೊಡಲು ನಿರ್ಣಯಿಸಿತು. ದುಡ್ಡು ಲಂಡನ್ನಿನದು, ಆದರೆ ಮೊದಲು ನುಡಿಸಿದ್ದು ವಿಯೆನ್ನಾದಲ್ಲಿ, 1824ರ ಮೇ 7ರಂದು. ಲಂಡನ್ನಿಗೆ ಬಂದದ್ದು ಮರುವರ್ಷ. ಲಂಡನ್ನಿನ ಸೊಸೈಟಿಗಾಗಿ ಬರೆದದ್ದು ಎಂದು ತಾನೇ ಬರೆದು ಕಳಿಸಿದ ಪ್ರತಿ ಈಗಲೂ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇಷ್ಟಾಗಿ ಅಚ್ಚಾದ ಕೃತಿಯ ಅರ್ಪಣೆ ಹೋದದ್ದು ಪ್ರಷ್ಯದ ರಾಜನಿಗೆ! ರಾಜನಿಂದ ಪ್ರತಿಯಾಗಿ ಒಂದು ಉಂಗುರ ಬಂತು. ವಜ್ರದ್ದೆಂದು ಎದುರುನೋಡಿದ್ದವನ ಕೈಗೆ ಸಿಕ್ಕಿದ್ದು ಕೆಂಪು ಛಾಯೆಯ ಒಂದು ಕಲ್ಲು. ಬೀಥೋವನ್ ಅದನ್ನು ಮಾರಿಬಿಟ್ಟ.

1827ರಲ್ಲಿ ಹಾಸಿಗೆ ಹಿಡಿದಾಗ ಅವನೇ ಲಂಡನ್ನಿಗೆ ಕಾಗದ ಬರೆದು ನೆರವು ಕೇಳಿದ. ಸೊಸೈಟಿ 100 ಪೌಂಡು ಕಳಿಸಿತು. ಸಾಯುವ ಎಂಟು ದಿನ ಮೊದಲು ಧನ್ಯವಾದದ ಕಾಗದ ಬರೆಸಿ, ನಿಮಗೊಂದು ಹೊಸ ಸಿಂಫನಿ ಕೊಡುತ್ತೇನೆ ಎಂದ. ಸತ್ತ ಮೇಲೆ ನೋಡಿದರೆ ಮನೆಯಲ್ಲಿ ಏಳು ಬ್ಯಾಂಕ್ ಷೇರುಗಳಿದ್ದವು. ತಮ್ಮನ ಮಗನಿಗೆಂದು ಮುಟ್ಟದೆ ಇಟ್ಟದ್ದು. ಇದನ್ನೆಲ್ಲ ಇಲ್ಲಿಯವರು ನಗುತ್ತಲೇ ಹೇಳುತ್ತಾರೆ. ಇದರಿಂದ ಒಂಬತ್ತನೆಯ ಸಿಂಫನಿಯ ಗೌರವ ಒಂದು ಗುಂಜಿಯಷ್ಟೂ ಕಡಿಮೆಯಾಗಿಲ್ಲ.

ಬೀಥೋವನ್ 'ಮಾರಿಬಿಟ್ಟ' ಎಂದು ಬರೆದೆನಲ್ಲ, ಅದನ್ನು ಗಮನಿಸಿದಿರಾ? ತ್ಯಾಗರಾಜರ ವಿಷಯ ಬಂದ ಕೂಡಲೇ ನನ್ನ ಕೈ ತಾನಾಗಿ 'ಹಾಡಿದರು' ಎಂದು ಬರೆಯುತ್ತದೆ. ಬೀಥೋವನನಿಗೆ ಏಕವಚನ, ತ್ಯಾಗರಾಜರಿಗೆ ಬಹುವಚನ. ಏಕವಚನದವನು ಸಾಲ ಕೇಳಬಹುದು, ಉಂಗುರ ಮಾರಬಹುದು, ಷೇರು ಬಚ್ಚಿಡಬಹುದು. ಬಹುವಚನದವರು ಏನಿದ್ದರೂ ತ್ಯಾಗವನ್ನೇ ಮಾಡಬೇಕು.

ನಾನು ಮೊದಲು ಕೇಳಿದ ಸಂಗೀತದ ಕತೆ ಅಜ್ಜಿ ಹೇಳಿದ್ದು. ಮಧ್ಯಾಹ್ನ ಊಟ ಮುಗಿಸಿ ನಡುಮನೆಯಲ್ಲಿ ಕಾಲು ಚಾಚಿ ಕೂತು ಹೂಬತ್ತಿ ಹೊಸೆಯುತ್ತಾ ಹೇಳುತ್ತಿದ್ದರು. ಬೆರಳಿಗೆ ಹಾಲು ಸವರಿಕೊಂಡು ಹತ್ತಿಯ ತುದಿ ತಿರುಗಿಸುವಾಗ ಕತೆಯೂ ಒಂದು ಕ್ಷಣ ನಿಲ್ಲುತ್ತಿತ್ತು. ಶ್ರೀನಿವಾಸ ನಾಯಕನ ಗಿರವಿ ಅಂಗಡಿಗೆ ಬಡ ಬ್ರಾಹ್ಮಣನೊಬ್ಬ ಮಗನ ಮುಂಜಿಗೆ ದುಡ್ಡು ಕೇಳಿಕೊಂಡು ಬಂದದ್ದು, ಜಿಪುಣ ನಾಯಕ ನಾಳೆ ಬಾ, ನಾಳಿದ್ದು ಬಾ ಎಂದದ್ದು, ಬ್ರಾಹ್ಮಣ ಹಿತ್ತಿಲ ಬಾಗಿಲಿಗೆ ಹೋಗಿ ಹೆಂಡತಿಯ ಮೂಗುತಿ ಇಸಿದುಕೊಂಡು ಅದನ್ನೇ ತಂದು ಅಂಗಡಿಯಲ್ಲಿ ಅಡ ಇಟ್ಟದ್ದು, ನಾಯಕ ಗುರುತು ಹಿಡಿದು ಮನೆಗೆ ಓಡಿದ್ದು, ವಿಷ ಕುಡಿಯಲು ಎತ್ತಿದ ಬಟ್ಟಲಲ್ಲಿ ಮೂಗುತಿ ಠಣ್ ಎಂದದ್ದು. ನವಕೋಟಿ ನಾರಾಯಣನೆನಿಸಿದವನು ಎಲ್ಲ ಬಿಟ್ಟು ಪುರಂದರದಾಸರಾದರು. (ಹುಟ್ಟೂರು ಪುಣೆಯ ಹತ್ತಿರದ ಪುರಂದರಗಡವೋ ನಮ್ಮ ತೀರ್ಥಹಳ್ಳಿಯ ಕಡೆಯದೋ ಎಂಬ ಜಗಳ ಬೇರೆ ಇದೆ. ಅಜ್ಜಿಯ ಮಟ್ಟಿಗೆ ಅದು 'ಒಂದೂರು'.)

ಆರೋ ಏಳೋ ವರ್ಷದವನಿದ್ದೆ. "ಅಜ್ಜಿ, ಆ ಮೂಗುತಿಗೆ ಎಷ್ಟು ಬೆಲೆ?" ಎಂದು ಕೇಳಿದೆ.

"ಥೂ, ದೇವರ ಕತೆಗೆ ಬೆಲೆ ಕೇಳ್ತಾನೆ ನೋಡು. ಮುಂದೆ ಸಾಹುಕಾರನ ಅಂಗಡೀಲಿ ಲೆಕ್ಕ ಬರಿಯಕ್ಕೆ ಹೋಗ್ತೀಯ ನೀನು" ಎಂದರು. ಅವರ ಮಾತು ಸುಳ್ಳಾಗಲಿಲ್ಲ.

ಈಗ ಯೋಚಿಸಿದರೆ, ಆ ಕತೆ ನಡೆಯುವುದೇ ಗಿರವಿ ಅಂಗಡಿಯಲ್ಲಿ. ಒತ್ತೆ, ಬಡ್ಡಿ, ಹೆಂಡತಿಯ ಒಡವೆಯ ಮೇಲೆ ಯಾರ ಹಕ್ಕು ಎಂಬ ಪ್ರಶ್ನೆ, ಎಲ್ಲವೂ ಅದರೊಳಗಿವೆ. ದಾಸರು ತಾವೇ ಒಂದು ಪದದಲ್ಲಿ, ದಂಡಿಗೆ ಹಿಡಿಯಲು ನಾಚುತ್ತಿದ್ದವನಿಗೆ ಹೆಂಡತಿ ಅದನ್ನು ಹಿಡಿಸಿದಳು ಎಂದು ಒಪ್ಪಿಕೊಂಡಿದ್ದಾರೆ. ಕತೆ ಕಟ್ಟಿದವರಿಗೆ ದುಡ್ಡಿನ ವಿಷಯ ಚೆನ್ನಾಗಿ ಗೊತ್ತಿತ್ತು. ಕೇಳುವ ನಾವು ಮೂಗುತಿ ಬಟ್ಟಲಿಗೆ ಬೀಳುವ ಪವಾಡವನ್ನು ಇಟ್ಟುಕೊಂಡು ಅಂಗಡಿಯನ್ನು ಮರೆತೆವು.

ಆಮೇಲೆ ಕೇಳಿದ್ದೆಲ್ಲ ಇದೇ ಅಚ್ಚಿನವು. ತಂಜಾವೂರಿನ ರಾಜ ಸರಭೋಜಿ ಕರೆಕಳಿಸಿದಾಗ ತ್ಯಾಗರಾಜರು ಒಲ್ಲೆನೆಂದು ಕಲ್ಯಾಣಿಯಲ್ಲಿ 'ನಿಧಿ ಚಾಲ ಸುಖಮಾ' ಹಾಡಿದರು. ಮನೆಯಲ್ಲಿ ಕಷ್ಟ, ರಾಜನ ಹತ್ತಿರ ಹೋಗಬಾರದೇ ಎಂದು ಹೆಂಡತಿ ಕೇಳಿದಾಗ ಮುತ್ತುಸ್ವಾಮಿ ದೀಕ್ಷಿತರು ಲಲಿತ ರಾಗದಲ್ಲಿ 'ಹಿರಣ್ಮಯೀಂ ಲಕ್ಷ್ಮೀಂ' ಹಾಡಿ, ಹೀನಮಾನವರ ಆಶ್ರಯ ಬಿಟ್ಟೆ ಎಂದರು. ವೀಣೆ ಶೇಷಣ್ಣನವರಿಗೆ ಬರೋಡಾದ ಮಹಾರಾಜರು ಪಲ್ಲಕ್ಕಿ ಕೊಟ್ಟಾಗ ಅವರು ವೀಣೆಯನ್ನು ಅದರಲ್ಲಿ ಕೂರಿಸಿ ತಾವು ಪಕ್ಕದಲ್ಲಿ ನಡೆದುಬಂದರು ಎಂಬುದು ನಮ್ಮೂರಿನಲ್ಲಿ ಹೇಳುವ ಕತೆ. ಇವು ನನಗೆ ಇಂದಿಗೂ ಇಷ್ಟ. ಪಲ್ಲಕ್ಕಿಯ ಕತೆ ಹೇಳುವಾಗ ಈಗಲೂ ಗಂಟಲು ಕಟ್ಟುತ್ತದೆ. ಮಾರುಕಟ್ಟೆಯ ನಡುವೆ ಬದುಕುವವನಿಗೆ, ಮಾರಲಾಗದ್ದೂ ಒಂದಿದೆ ಎಂದು ಹೇಳಿಕೊಡುವ ಕತೆಗಳು ಬೇಕೇ ಬೇಕು.

ನನ್ನ ತಕರಾರು ಬೇರೆ. ಹಣ ಒಲ್ಲೆ ಎಂದದ್ದೇ ದೊಡ್ಡತನದ ಸರ್ಟಿಫಿಕೇಟು ಆದಾಗ, ಹಣ ಕೊಟ್ಟವರೂ ಅದನ್ನು ಪಡೆದು ಸಂಸಾರ ನಡೆಸಿದವರೂ ಕತೆಯಿಂದ ಆಚೆ ಬೀಳುತ್ತಾರೆ. ದೀಕ್ಷಿತರನ್ನೇ ನೋಡಿ. ಅವರ ತಂದೆ ರಾಮಸ್ವಾಮಿ ದೀಕ್ಷಿತರು ಸಂಸಾರ ಸಮೇತ ಮದರಾಸಿನ ಹತ್ತಿರದ ಮಣಲಿಯಲ್ಲಿ ಮುದ್ದುಕೃಷ್ಣ ಮೊದಲಿಯಾರರ ಆಶ್ರಯದಲ್ಲಿದ್ದರು. ಮೊದಲಿಯಾರರು ಈಸ್ಟ್ ಇಂಡಿಯಾ ಕಂಪನಿಯ ದುಭಾಷಿಗಳು. ಆ ನಂಟಿನಿಂದಲೇ ಹುಡುಗರ ಕಿವಿಗೆ ಕೋಟೆಯ ಇಂಗ್ಲಿಷ್ ಬ್ಯಾಂಡು ಬಿದ್ದದ್ದು, ಮುಂದೆ ಆ ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತದ ಮಾತು ಹೊಂದಿಸಿದ ನೊಟ್ಟುಸ್ವರ ಸಾಹಿತ್ಯಗಳು ಹುಟ್ಟಿದ್ದು. ಇಂಗ್ಲೆಂಡಿನ ರಾಷ್ಟ್ರಗೀತೆಯ ಮಟ್ಟಿಗೆ ದೀಕ್ಷಿತರು 'ಸಂತತಂ ಪಾಹಿ ಮಾಂ' ಎಂದು ಸಂಸ್ಕೃತ ಹೊಂದಿಸಿದ್ದಾರೆ. ಇಲ್ಲಿನ ಮಕ್ಕಳಿಗೆ ಅದನ್ನು ಕಲಿಸಿದಾಗ ಅವರು ಬಿದ್ದು ಬಿದ್ದು ನಕ್ಕರು, ಆಮೇಲೆ ಬಿಡದೆ ವಾರವೆಲ್ಲ ಹಾಡಿದರು. ಆ ಹಾಡಿನ ಹಿಂದಿರುವುದು ಒಬ್ಬ ಸಾಹುಕಾರನ ಜಗುಲಿ, ಕಂಪನಿಯ ವ್ಯಾಪಾರ. 'ಹಿರಣ್ಮಯೀಂ' ಕತೆ ಗೊತ್ತಿರುವವರಲ್ಲಿ ಎಷ್ಟು ಜನಕ್ಕೆ ಮಣಲಿ ಗೊತ್ತು?

ಇದಕ್ಕಿಂತ ದೊಡ್ಡ ಅನ್ಯಾಯ ಆದದ್ದು ನಮ್ಮ ನಂಜನಗೂಡಿನ ಹೆಣ್ಣುಮಗಳಿಗೆ. ಬೆಂಗಳೂರು ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ದೇವದಾಸಿ ಮನೆತನದಲ್ಲಿ. ಮೈಸೂರು, ಬೆಂಗಳೂರು, ಕೊನೆಗೆ ಮದರಾಸು. ಸಂಗೀತದ ಜೊತೆ ಸಂಸ್ಕೃತವನ್ನೂ ತೆಲುಗನ್ನೂ ಓದಿಕೊಂಡವರು. ಮುದ್ದುಪಳನಿ ಎಂಬ ಹೆಣ್ಣು ಬರೆದ ತೆಲುಗು ಕಾವ್ಯವನ್ನು ಬೇರೆಯವರು ಕತ್ತರಿಸಿ ಅಚ್ಚುಹಾಕಿದ್ದರೆಂದು ಪೂರ್ತಿಯಾಗಿ ಅಚ್ಚು ಹಾಕಿಸಿ ಸರ್ಕಾರದ ಸಿಟ್ಟಿಗೆ ಗುರಿಯಾದವರು. ಮದರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆಯರಲ್ಲಿ ಒಬ್ಬರು ಎಂದು ಅವರ ಬಗ್ಗೆ ಹೇಳುತ್ತಾರೆ. ಲೆಕ್ಕದವನಾದ ನನಗೆ ಈ ಮಾತು ಕೇಳಿದಾಗ ಎದ್ದು ನಿಂತು ನಮಸ್ಕರಿಸಬೇಕೆನಿಸಿತು. ತಾನು ದುಡಿದಿದ್ದೇನೆ, ಇಷ್ಟು ದುಡಿದಿದ್ದೇನೆ ಎಂದು ಸಂಗೀತದ ಹೆಣ್ಣೊಬ್ಬಳು ಆ ಕಾಲದಲ್ಲಿ ಕಾಗದದ ಮೇಲೆ ಬರೆದುಕೊಡುವುದು ಸಣ್ಣ ಮಾತಲ್ಲ.

1847ರಲ್ಲಿ ತ್ಯಾಗರಾಜರು ಹೋದ ಮೇಲೆ ತಿರುವೈಯಾರಿನ ಕಾವೇರಿ ದಂಡೆಯ ಸಮಾಧಿ ಪಾಳುಬಿದ್ದಿತ್ತು. ಶಿಷ್ಯರ ಗುಂಪುಗಳು ವರ್ಷಕ್ಕೊಮ್ಮೆ ಆರಾಧನೆ ಮಾಡುತ್ತಿದ್ದವು, ಆರಾಧನೆಗಿಂತ ಹೆಚ್ಚಾಗಿ ತಮ್ಮತಮ್ಮಲ್ಲೇ ಜಗಳ ಆಡುತ್ತಿದ್ದವು. ನಾಗರತ್ನಮ್ಮ ತಮ್ಮ ಗಳಿಕೆ ಸುರಿದು ಜಾಗ ಪಡೆದು ಗುಡಿ ಕಟ್ಟಿಸಿದರು. 1921ರಲ್ಲಿ ಶುರುವಾದ ಕೆಲಸ ಮುಗಿದು 1925ರಲ್ಲಿ ಪ್ರತಿಷ್ಠೆಯಾಯಿತು. ಆದರೆ ಅಲ್ಲಿ ಹಾಡಲು ಹೆಂಗಸರಿಗೆ ಅವಕಾಶವಿರಲಿಲ್ಲ. ಅವರ ದುಡ್ಡು ಗುಡಿಯ ಒಳಗೆ, ದನಿ ಗುಡಿಯ ಹೊರಗೆ. ಅವರು ಗುಡಿಯ ಹಿಂಬದಿಯಲ್ಲೇ ಹೆಂಗಸರ ಬೇರೆ ಗುಂಪು ಕಟ್ಟಿ 1927ರಿಂದ ಹಾಡಿಸಿದರು. ಎಲ್ಲ ಗುಂಪುಗಳೂ ಒಂದಾಗಲು 1940 ಬರಬೇಕಾಯಿತು. 1952ರಲ್ಲಿ ತೀರಿಕೊಂಡ ಅವರ ಸಮಾಧಿ ಅಲ್ಲೇ ಇದೆ, ತ್ಯಾಗರಾಜರ ಕಡೆಗೆ ಮುಖ ಮಾಡಿ ಕೈಮುಗಿದು ಕೂತ ಪ್ರತಿಮೆಯೊಡನೆ.

ನಿಧಿಯಲ್ಲಿ ಸುಖವಿದೆಯೇ ಎಂದು ಕೇಳಿದವರ ತಲೆಯ ಮೇಲೆ ಸೂರು ಬಂದದ್ದು ಒಬ್ಬ ದೇವದಾಸಿಯ ನಿಧಿಯಿಂದ. ತ್ಯಾಗರಾಜರ ಕತೆ ನನಗೆ ಪೂರ್ತಿ ಎನಿಸುವುದು ಈ ಎರಡು ತುದಿಯೂ ಕೂಡಿದಾಗ. ಪ್ರತಿ ವರ್ಷ ಜನವರಿಯ ಆಸುಪಾಸಿನಲ್ಲಿ ನಾವೂ ಇಲ್ಲಿ ಒಂದು ಶಾಲೆಯ ಸಭಾಂಗಣ ಬಾಡಿಗೆ ಹಿಡಿದು ಪಂಚರತ್ನ ಹಾಡುತ್ತೇವೆ. ರೇಷ್ಮೆ ಸೀರೆಯ ಮೇಲೆ ಸ್ವೆಟರು, ಕಾಲಿಗೆ ಕಾಲುಚೀಲ, ಹಿಂದಿನ ಮೇಜಿನ ಮೇಲೆ ಫಾಯಿಲ್ ತಟ್ಟೆಗಳಲ್ಲಿ ಪುಳಿಯೋಗರೆ. ವೇದಿಕೆಯ ಮೇಲೆ ತಂಬೂರಿ ಹಿಡಿದ ತ್ಯಾಗರಾಜರ ಪಟ, ಅದಕ್ಕೆ ಹಾರ. ಹಾಡುವವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಪಕ್ಕದಲ್ಲಿ ಒಂದು ಸಣ್ಣ ಪಟಕ್ಕೆ ಜಾಗವಿದೆ ಎಂದು ನಾನು ಎರಡು ಸಲ ಹೇಳಿ ನೋಡಿದ್ದೇನೆ. 'ಮುಂದಿನ ಸಲ ನೋಡೋಣ' ಎಂದಿದ್ದಾರೆ.

ಇಷ್ಟು ಹೇಳಿದ್ದಕ್ಕೆ ಇಲ್ಲಿಯವರ ರೀತಿಯೇ ಸರಿ ಎಂದು ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಕಾಗದ ಇಟ್ಟುಕೊಂಡವರೂ ಸುಳ್ಳು ಹೇಳುತ್ತಾರೆ, ಕಾಗದದ ಮೇಲೇ ಹೇಳುತ್ತಾರೆ. ಕಿವುಡ ಬೀಥೋವನನ ಜೊತೆ ಜನ ಬರೆದು ಮಾತಾಡುತ್ತಿದ್ದ ಪುಸ್ತಕಗಳಿವೆಯಲ್ಲ, ಅವನ ಸಹಾಯಕನಾಗಿದ್ದ ಶಿಂಡ್ಲರ್ ಎಂಬಾತ ಒಡೆಯ ಸತ್ತ ಮೇಲೆ ಅವುಗಳಲ್ಲಿ ತನ್ನ ಕೈಯಾರೆ ಮಾತುಗಳನ್ನು ಸೇರಿಸಿದ್ದ. ಅದು ಪತ್ತೆಯಾದದ್ದು 1970ರ ದಶಕದಲ್ಲಿ. ಐದನೆಯ ಸಿಂಫನಿಯ ಮೊದಲ ನಾಲ್ಕು ಸ್ವರ ವಿಧಿ ಬಾಗಿಲು ಬಡಿಯುವ ಸದ್ದು ಎಂದು ಬೀಥೋವನ್ನೇ ಹೇಳಿದ ಎನ್ನುವ ಪ್ರಸಿದ್ಧ ಮಾತು ಬಂದಿರುವುದೂ ಇದೇ ಮಹಾನುಭಾವನ ಬಾಯಿಂದ. ನಮ್ಮಜ್ಜಿ ಕತೆಗೆ ಉಪ್ಪುಖಾರ ಹಾಕುತ್ತಿದ್ದರು ನಿಜ, ದಾಖಲೆ ತಿದ್ದುತ್ತಿರಲಿಲ್ಲ.

ಇಲ್ಲಿಯವರ ಕತೆಯ ನಿಜವಾದ ಕೊರತೆ ತಿಳಿದದ್ದು ಮತ್ತೆ ನಮ್ಮ ಮಹಾರಾಜರಿಂದಲೇ. ಆ ಪುಸ್ತಿಕೆಯ ಒಂದು ಸಾಲಿನ ಬೆನ್ನು ಹತ್ತಿದಾಗ ಸಿಕ್ಕಿದ್ದು ಒಂದು ದೊಡ್ಡ ಕತೆ.

ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಪಿಯಾನೋ ವಾದಕ, ರಚನಕಾರ. 1880ರಲ್ಲಿ ಹುಟ್ಟಿದವನು, ಕ್ರಾಂತಿಯ ನಂತರ ದೇಶ ಬಿಟ್ಟು ಅಲೆದು 1930ರ ದಶಕದಲ್ಲಿ ಲಂಡನ್ನಿನ ಗೋಲ್ಡರ್ಸ್ ಗ್ರೀನಿನಲ್ಲಿ ನೆಲೆಸಿದ. ಹೊಸ ರೀತಿಗಳ ಗಲಾಟೆಯಲ್ಲಿ ಅವನ ಸಂಗೀತ ಹಳೆಯದೆನಿಸಿಕೊಂಡಿತ್ತು. ಕೈಯಲ್ಲಿ ಕಾಸಿಲ್ಲ, ಎದೆಯಲ್ಲಿ ರೋಗ. ಆಗ ಮೈಸೂರಿನಿಂದ, ಅವನು ಮುಖವನ್ನೂ ಕಾಣದ ರಾಜನೊಬ್ಬ ನಿನ್ನ ಕೃತಿಗಳನ್ನು ನೀನೇ ನುಡಿಸು, ಧ್ವನಿಮುದ್ರಣದ ಖರ್ಚು ನನ್ನದು ಎಂದ. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಂಚೆರ್ಟೋವನ್ನು (ಪಿಯಾನೋ ಮತ್ತು ವಾದ್ಯವೃಂದ ಸೇರಿ ನುಡಿಸುವ ಕೃತಿ) ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಆರ್ಕೆಸ್ಟ್ರಾ ಜೊತೆಗಿನ ಅವನ ಮೂರು ಕಂಚೆರ್ಟೋಗಳ ಮುದ್ರಣ 1947ರಲ್ಲಿ ಆಯಿತು. 1951ರಲ್ಲಿ ಅವನು ತೀರಿಕೊಂಡ, ಹೆಂಡನ್ ಸ್ಮಶಾನದಲ್ಲಿ ಮಣ್ಣಾದ. ಅವನ ಕೈಯಲ್ಲೇ ಅವನ ಸಂಗೀತ ಇವತ್ತು ಕೇಳಲು ಸಿಗುತ್ತಿದ್ದರೆ ಅದು ಚಾಮುಂಡಿ ಬೆಟ್ಟದ ಬುಡದಿಂದ ಬಂದ ಹಣದಿಂದ. ನಾನು ದಿನಾ ನಾರ್ದರ್ನ್ ಲೈನಿನ ರೈಲಿನಲ್ಲಿ ಹೆಂಡನ್ ಮತ್ತು ಗೋಲ್ಡರ್ಸ್ ಗ್ರೀನ್ ದಾಟಿ ಕೆಲಸಕ್ಕೆ ಹೋಗುವವನು. ಇದು ಗೊತ್ತಾದ ಮೇಲೆ ಸ್ವಲ್ಪ ದಿನ ಆ ಎರಡು ಸ್ಟೇಷನ್ನುಗಳ ನಡುವೆ ಮೊಬೈಲು ನೋಡುವುದನ್ನು ಬಿಟ್ಟಿದ್ದೆ.

ಮುದ್ರಣದ ಮಾತುಕತೆಗೆ ಹೋದವನು ವಾಲ್ಟರ್ ಲೆಗ್, 1945ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದ ಕಟ್ಟಿದ ರೆಕಾರ್ಡು ಕಂಪನಿಯ ಮನುಷ್ಯ. ಮೈಸೂರಿನ ಅರಮನೆಯಲ್ಲಿ ಅವನು ಕಂಡದ್ದು ಇನ್ನೂ ಮೂವತ್ತು ತುಂಬದ ರಾಜ, ಸಾಲುಸಾಲು ಪಿಯಾನೋ, ಬಗೆಬಗೆಯ ಧ್ವನಿವರ್ಧಕ, ಸುಮಾರು 20,000 ತಟ್ಟೆಗಳ ಸಂಗ್ರಹ. ಮೆಟ್ನರನ ಖರ್ಚಿನ ಜೊತೆಗೆ ವಾದ್ಯವೃಂದ ನಿಲ್ಲಲೆಂದು ಮೂರು ವರ್ಷ, ವರ್ಷಕ್ಕೆ 10,000 ಪೌಂಡು ಕೊಡಲು ರಾಜರು ಒಪ್ಪಿದರು. ಫಿಲ್‌ಹಾರ್ಮೋನಿಯಾದ ಕಚೇರಿ ಸೊಸೈಟಿಗೆ ಅವರೇ ಮೊದಲ ಅಧ್ಯಕ್ಷರು.

ಇಲ್ಲಿಯ ಪುಸ್ತಕಗಳಲ್ಲಿ ಈ ಕತೆ ಇದೆ, ಲೆಕ್ಕ ಸಮೇತ ಇದೆ. ಆದರೆ ಅದರಲ್ಲಿ ಜಯಚಾಮರಾಜ ಒಡೆಯರು ಒಂದು ಥೈಲಿ ಮಾತ್ರ. ದೂರದ ಪೂರ್ವದಿಂದ ಬಂದ ವಿಚಿತ್ರ ಶ್ರೀಮಂತ. ಅದೇ ವರ್ಷಗಳಲ್ಲಿ ಆ ಥೈಲಿ ಮೈಸೂರು ವಾಸುದೇವಾಚಾರ್ಯರ ಹತ್ತಿರ ಕೂತು ಕಲಿತು, ಶ್ರೀವಿದ್ಯಾ ಅಂಕಿತದಲ್ಲಿ ಸಂಸ್ಕೃತ ಕೃತಿಗಳನ್ನು ರಚಿಸುತ್ತಿತ್ತು, ಅವುಗಳ ಸಂಖ್ಯೆ 94 ಮುಟ್ಟಿತು, ಅಠಾಣ ರಾಗದ 'ಶ್ರೀ ಮಹಾಗಣಪತಿಂ' ಇವತ್ತಿಗೂ ಕಚೇರಿಗಳಲ್ಲಿ ಕಳೆ ಕಟ್ಟುತ್ತದೆ, ಇದ್ಯಾವುದೂ ಅಲ್ಲಿಲ್ಲ. ನಮ್ಮೂರಿಗೆ ಹೋದರೆ ತಿರುಗುಮುರುಗು. ಅಲ್ಲಿ ಅವರು ದೇವೀ ಉಪಾಸಕರು, ರಾಜರ್ಷಿ. ಗಂಭೀರನಾಟದ ಕೃತಿಯ ಬಗ್ಗೆ ಒಂದು ಗಂಟೆ ಮಾತಾಡುವವರಿಗೆ ಮೆಟ್ನರ್ ಗೊತ್ತಿಲ್ಲ. ಗೊತ್ತಿದ್ದವರೂ ಅದನ್ನು ಹವ್ಯಾಸದ ಪಟ್ಟಿಗೆ ಸೇರಿಸಿ, ಬೇಟೆಯ ಪಕ್ಕದಲ್ಲಿಟ್ಟು ಮುಂದೆ ಹೋಗುತ್ತಾರೆ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆಯುವಷ್ಟು ಪಿಯಾನೋ ಕಲಿತ ಮನುಷ್ಯನ ಕಿವಿ, ನಮ್ಮ ರಾಗಗಳನ್ನು ಹೇಗೆ ಕೇಳಿಸಿಕೊಂಡಿರಬಹುದು ಎಂದು ಎರಡೂ ಕಡೆಯವರು ಕೇಳುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನೂ ಯಾರೂ ಕೇಳುವುದಿಲ್ಲ. ಅದು ಯಾರ ದುಡ್ಡು? ರಾಜರ ಖಾಸಗಿ ಖಜಾನೆ ಎಂದರೂ ಆ ಖಜಾನೆ ತುಂಬಿದ್ದು ಎಲ್ಲಿಂದ? ಮೈಸೂರು ಸೀಮೆಯ ರೈತರು, ಗಣಿಯವರು, ರೇಷ್ಮೆಯವರು ಸ್ಟ್ರೌಸನ ಕೊನೆಯ ಹಾಡುಗಳಿಗೆ ತಮಗರಿವಿಲ್ಲದೆ ಚಂದಾ ಕೊಟ್ಟರು. ಅದು ತಪ್ಪೆಂದು ನಾನು ತೀರ್ಪು ಕೊಡಲಾರೆ. ಆ ಹಾಡುಗಳನ್ನು ಕೇಳಿದ ಮೇಲಂತೂ ಆಗುವುದಿಲ್ಲ. ಆದರೆ ಖರ್ಚಿನ ಕಡೆಯಷ್ಟೇ ಬರೆದು ಜಮೆಯ ಕಡೆ ಬಿಟ್ಟ ಪುಸ್ತಕಕ್ಕೆ ನಾನು ಸಹಿ ಹಾಕುವುದಿಲ್ಲ, ಅದು ಲಂಡನ್ನಿನದಾದರೂ ಸರಿ, ಮೈಸೂರಿನದಾದರೂ ಸರಿ.

ಕಳೆದ ವರ್ಷ ಇಲ್ಲಿ ಒಂದು ಕಚೇರಿ ಏರ್ಪಾಡಾಗಿತ್ತು. ಊರಿನಿಂದ ಬಂದ ಗಾಯಕರು ಒಡೆಯರ್ ಕೃತಿಗಳನ್ನು ಹಾಡುವವರಿದ್ದರು. ಪೀಠಿಕೆಗೆ ಹತ್ತು ನಿಮಿಷ ಮಾತಾಡಿ ಎಂದು ನನಗೆ ಹೇಳಿದರು. ಮೆಟ್ನರ್, 4,800 ಡಾಲರು, 10,000 ಪೌಂಡು ಎಲ್ಲ ಸೇರಿಸಿ ನಾಲ್ಕು ಪುಟ ಬರೆದು ಕಳಿಸಿದೆ. ಏರ್ಪಾಡು ಮಾಡಿದ ಹಿರಿಯರು ಫೋನು ಮಾಡಿದರು.

"ಚೆನ್ನಾಗಿ ಬರೆದಿದ್ದೀರಿ. ಆದರೆ ಈ ದುಡ್ಡಿನ ಭಾಗ ಬೇಡ ಅನ್ಸತ್ತೆ. ಕೇಳೋರಿಗೆ ಒಂಥರಾ ಆಗತ್ತೆ. ದೇವೀ ಭಕ್ತಿ, ವಾಸುದೇವಾಚಾರ್ಯರು, ಅಷ್ಟು ಸಾಕು."

"ಸಾರ್, ಹೊಸ ವಿಷಯ ಇರೋದೇ ಅದರಲ್ಲಿ."

"ಇರಬಹುದು. ದೇವರ ಮುಂದೆ ದೀಪ ಹಚ್ಚಿ ಆದಮೇಲೆ ಪೌಂಡು ಡಾಲರು ಅಂತ ಶುರುಮಾಡಿದ್ರೆ ಹೇಗಪ್ಪಾ."

ವಾದ ಮಾಡಲಿಲ್ಲ. ಆ ದನಿಯಲ್ಲಿ ನನಗೆ ಅಜ್ಜಿಯೇ ಕೇಳಿಸಿದರು. ಎರಡು ಪುಟ ತೆಗೆದೆ. ಅಂದು ಸಂಜೆ ಮಾತಾಡಿದ್ದು ಭಕ್ತಿಯ ಬಗ್ಗೆ, ಚಪ್ಪಾಳೆಯೂ ಬಂತು. ಕಚೇರಿ ಚೆನ್ನಾಗಿತ್ತು. ಕೊನೆಯಲ್ಲಿ ಕಲಾವಿದರಿಗೆ ಶಾಲು, ಹಣ್ಣು, ವೀಳ್ಯದೆಲೆಯ ತಟ್ಟೆ. ಎಲೆಯ ಕೆಳಗೆ ಲಕೋಟೆ. ಎಷ್ಟು ಎಂದು ಕೊಡುವವರು ಹೇಳುವುದಿಲ್ಲ, ತೆಗೆದುಕೊಳ್ಳುವವರು ನೋಡುವುದಿಲ್ಲ. ಎರಡು ಕೈಯಲ್ಲಿ ಕೊಟ್ಟು ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ನಮ್ಮ ಸಂಗೀತದ ಮೇಷ್ಟ್ರಿಗೆ ಅಮ್ಮ ತಿಂಗಳ 30 ರೂಪಾಯಿ ಕೊಡುತ್ತಿದ್ದದ್ದೂ ಹೀಗೆಯೇ. ಒಂದು ತಿಂಗಳು ಕಣ್ತಪ್ಪಿನಿಂದ 20 ಇಟ್ಟಿದ್ದರು. ಮೇಷ್ಟ್ರು ಆ ತಿಂಗಳೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಡಬ್ಬಿಯಲ್ಲಿ ಹತ್ತರ ನೋಟು ಉಳಿದಿದ್ದು ನೋಡಿ ಅಮ್ಮನಿಗೇ ಗೊತ್ತಾದದ್ದು.

ಮೃದಂಗ ನುಡಿಸಿದ ಹುಡುಗನನ್ನು ಅವನು ಇಳಿದುಕೊಂಡಿದ್ದ ಮನೆಗೆ ಬಿಡುವ ಕೆಲಸ ನನ್ನದು. ಮೃದಂಗವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಮಗುವಿಗೆ ಹಾಕುವಂತೆ ಬೆಲ್ಟು ಹಾಕಿದ. ಮಳೆ ಬರುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಲಕೋಟೆ ತೆಗೆದು, ಬೀದಿದೀಪದ ಬೆಳಕು ಬಿದ್ದಾಗೆಲ್ಲ ಒಂದೊಂದು ನೋಟು ಎಣಿಸಿ, ಮತ್ತೆ ಮಡಚಿ ಇಟ್ಟ.

"ಇಷ್ಟು ಅಂತ ಮೊದಲೇ ಹೇಳಿದ್ದಿದ್ರೆ ಚೆನ್ನಾಗಿತ್ತು ಸಾರ್. ವೀಸಾಗೆ ಅಂತ ಅಕ್ಕನ ಹತ್ರ ಇಸ್ಕೊಂಡು ಬಂದಿದ್ದೆ. ಪರವಾಗಿಲ್ಲ ಬಿಡಿ. ಅವರಿಗೆ ಹೇಳ್ಬೇಡಿ."

ಏನು ಹೇಳಬೇಕೋ ತೋಚಲಿಲ್ಲ. ಸುಮ್ಮನಿರಲಾರದೆ ವೇದಿಕೆಯ ಮೇಲೆ ಹೇಳದ ಆ ಎರಡು ಪುಟವನ್ನು ಅವನಿಗೆ ಹೇಳಿದೆ. ಗೋಲ್ಡರ್ಸ್ ಗ್ರೀನಿನ ರೋಗಿಷ್ಟ ರಷ್ಯನ್, ಮೈಸೂರಿನ ಪಿಯಾನೋಗಳು, ಹಡಗಿನಲ್ಲಿ ಹೋದ ತಟ್ಟೆಗಳು, ಎಲ್ಲ ಅಂಕಿಗಳ ಸಮೇತ. ಅವನು ಸೀಟಿನಲ್ಲಿ ನನ್ನ ಕಡೆಗೆ ತಿರುಗಿ ಕೂತ. ಕತೆ ಮುಗಿಯುವ ಹೊತ್ತಿಗೆ ಮನೆ ಬಂದಿತ್ತು, ಇಳಿಯಲಿಲ್ಲ.

"ವರ್ಷಕ್ಕೆ 10,000 ಪೌಂಡು. ಆಗಿನ ಕಾಲದಲ್ಲಿ!"

"ಹೌದು. ಮೂರು ವರ್ಷ."

ಬೆರಳುಗಳು ತೊಡೆಯ ಮೇಲೆ ತಮ್ಮ ಪಾಡಿಗೆ ಏನೋ ನುಡಿಸುತ್ತಿದ್ದವು.

"ಸಾರ್, ಅವರ ಆ ಆರ್ಕೆಸ್ಟ್ರಾದಲ್ಲಿ ಡೋಲು ಗೀಲು ಬಾರಿಸೋರು ಇರ್ತಾರಲ್ವಾ?"

"ಇರ್ತಾರೆ. ಹಿಂದಿನ ಸಾಲಿನಲ್ಲಿ."

"ಅವರಿಗೆ ಎಷ್ಟು ಕೊಟ್ರಂತೆ?"